ಇಂಗ್ಲಿಷಿನ ಸಹಾಯಕ ಕ್ರಿಯಾಪದಗಳೂ ಮನೆಮಾತೂ



ಇಂಗ್ಲಿಷನ್ನು ಕಲಿಯುವ ಕನ್ನಡಿಗನಿಗೆ ಆ ಭಾಷೆಯ ದೊಡ್ಡ ಪದಗಳು ಅಷ್ಟಾಗಿ ತೊಡಕನ್ನುಂಟುಮಾಡುವುದಿಲ್ಲ. ಅರ್ಥ ತಿಳಿಯದಿದ್ದರೆ ನಿಘಂಟು ಉಂಟು. ತೊಡಕೆಲ್ಲ ‘ಮಸ್ಟ್’, ‘ಮೇ’, ‘ಶಲ್’, ‘ನೀಡ್’ ಮೊದಲಾದ ಸಣ್ಣ ಪದಗಳಿಂದ. ಇವು ತಾವಾಗಿಯೇ ಒಂದು ಕಾರ್ಯವನ್ನು ಹೇಳುವುದಿಲ್ಲ. ಮುಖ್ಯ ಕ್ರಿಯಾಪದದ ಬದಿಯಲ್ಲಿ ನಿಂತು, ಆ ಕಾರ್ಯವು ಕಡ್ಡಾಯವೋ, ಅನುಮತವೋ, ಸಂಭಾವ್ಯವೋ ಎಂಬುದನ್ನು ತಿಳಿಸುತ್ತವೆ. ಸಹಾಯಕ ಕ್ರಿಯಾಪದಗಳಲ್ಲಿ ಈ ಒಂದು ಪಂಗಡವನ್ನು ಮಾತ್ರ ಈ ಹೊತ್ತು ವಿಚಾರಿಸೋಣ.

ಶಾಲೆಯಲ್ಲಿ ‘ಮಸ್ಟ್’ ಎಂದರೆ ‘ಬೇಕು’ ಎಂದು ಕಲಿಸುತ್ತಾರೆ. ಅದು ತಪ್ಪಲ್ಲ. ಆದರೆ ‘ಬೇಕು’ ಎಂಬುದರ ನಿಷೇಧ ‘ಬೇಡ’ ಆದ್ದರಿಂದ, ‘ಮಸ್ಟ್ ನಾಟ್’ ಎಂದರೆ ‘ಬೇಡ’ ಎಂದು ವಿದ್ಯಾರ್ಥಿಯು ತಾನೇ ಊಹಿಸುತ್ತಾನೆ. ಇಲ್ಲಿ ಅನರ್ಥ ಹುಟ್ಟುತ್ತದೆ. ‘ಈ ಔಷಧವನ್ನು ಬರಿಯ ಹೊಟ್ಟೆಯಲ್ಲಿ ಸೇವಿಸುವುದು ಬೇಡ’ ಎಂದರೆ, ಸೇವಿಸಲೇಕೂಡದೆಂದೂ ಆಗಬಹುದು, ಸೇವಿಸಲೇಬೇಕೆಂಬ ನಿರ್ಬಂಧವಿಲ್ಲವೆಂದೂ ಆಗಬಹುದು. ಇಂಗ್ಲಿಷು ಈ ಎರಡನ್ನೂ ಬೇರ್ಪಡಿಸಿದೆ: ‘ಮಸ್ಟ್ ನಾಟ್’ ಎಂದರೆ ಕೂಡದು, ‘ನೀಡ್ ನಾಟ್’ ಎಂದರೆ ಅವಶ್ಯವಿಲ್ಲ. ರೋಗಿಗೆ ಈ ಭೇದವು ಕೇವಲ ವ್ಯಾಕರಣವಲ್ಲ.

ಈ ಭೇದವನ್ನು ಕಲಿಸಲು ದೂರ ಹೋಗಬೇಕಾಗಿಲ್ಲ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಅಡಕೆ ತೋಟದ ನಡುವಿನ ಹವ್ಯಕ ಮನೆಗಳಲ್ಲಿ ಆಡುವ ಮಾತನ್ನು ನೋಡಿರಿ. ಅಲ್ಲಿ ‘ಹೋಗವು’ ಎಂದರೆ ಹೋಗಬೇಕು. ‘ಹೋಗಲಕ್ಕು’ ಎಂದರೆ ಹೋಗಬಹುದು. ‘ಹೋಗಲಾಗ’ ಎಂದರೆ ಹೋಗಕೂಡದು. ‘ಹೋಗವು ಹೇಳಿಲ್ಲೆ’ ಎಂದರೆ ಹೋಗಲೇಬೇಕೆಂದಿಲ್ಲ. ಇಂಗ್ಲಿಷಿನ ‘ಮಸ್ಟ್’, ‘ಮೇ’, ‘ಮಸ್ಟ್ ನಾಟ್’, ‘ನೀಡ್ ನಾಟ್’ ಎಂಬ ನಾಲ್ಕು ಮನೆಗಳೂ ಇಲ್ಲಿ ತುಂಬಿವೆ. ಇದು ಗ್ರಾಮ್ಯವೆಂದು ಹೀಗಳೆಯತಕ್ಕ ಮಾತಲ್ಲ. ‘ಲಕ್ಕು’ ಎಂಬುದರೊಳಗಿನ ‘ಅಕ್ಕು’ ಹಳಗನ್ನಡದ ಕಾವ್ಯಗಳನ್ನೋದಿದವರಿಗೆ ಪರಿಚಿತವಾದ ‘ಅಕ್ಕುಂ’ ಎಂಬ ರೂಪವೇ. ತಾಯಿಯ ಬಾಯಿಂದ ಈ ನಾಲ್ಕನ್ನೂ ಕಲಿತ ಬಾಲಕನು ಶಾಲೆಯಲ್ಲಿ ‘ಬೇಕು–ಬೇಡ’ ಎಂಬ ಎರಡೇ ಪದಗಳ ಮೂಲಕ ಇಂಗ್ಲಿಷನ್ನು ಅಳೆಯುವಂತಾದರೆ, ತನ್ನಲ್ಲಿದ್ದ ಅಳತೆಗೋಲನ್ನೇ ಕಳೆದುಕೊಂಡಂತಾಯಿತು.

ಭೂತಕಾಲದಲ್ಲಿಯೂ ಹೀಗೆಯೇ. ‘ಹೋಗಬೇಕಾಯಿತು’ ಎಂದರೆ ಹೋದದ್ದುಂಟು. ‘ಹೋಗಬೇಕಿತ್ತು’ ಎಂದರೆ ಸಾಮಾನ್ಯವಾಗಿ ಹೋಗಲಿಲ್ಲ. ಮೊದಲನೆಯದು ‘ಹ್ಯಾಡ್ ಟು ಗೋ’, ಎರಡನೆಯದು ‘ಷುಡ್ ಹ್ಯಾವ್ ಗಾನ್’. ಕನ್ನಡದ ಭೇದವನ್ನು ಮೊದಲು ಮನಗಾಣಿಸಿದರೆ ಇಂಗ್ಲಿಷಿನ ಭೇದವನ್ನು ಬಾಯಿಪಾಠ ಮಾಡಿಸುವ ಶ್ರಮ ತಪ್ಪುತ್ತದೆ.

ಇನ್ನು ‘ಶಲ್’ ಮತ್ತು ‘ಮೇ’. ಕಾನೂನಿನ ಬರವಣಿಗೆಯಲ್ಲಿ ಸಾಧಾರಣವಾಗಿ ಮೊದಲನೆಯದು ವಿಧಿ, ಎರಡನೆಯದು ಅಧಿಕಾರ ಅಥವಾ ಅನುಮತಿ. ಸಂದರ್ಭವನ್ನು ನೋಡಿ ನ್ಯಾಯಾಲಯಗಳು ‘ಮೇ’ ಎಂಬುದನ್ನು ವಿಧಿಯಾಗಿ ಅರ್ಥೈಸಿದ್ದೂ ಉಂಟು. 1950ರಲ್ಲಿ ಜಾರಿಗೆ ಬಂದ ಭಾರತ ಸಂವಿಧಾನದ ಇಂಗ್ಲಿಷ್ ಪಾಠವನ್ನು ತೆರೆದು ನೋಡಿರಿ. ಒಕ್ಕೂಟದ ಆಡಳಿತ ಭಾಷೆಯನ್ನು ಹೇಳುವ 343ನೆಯ ಅನುಚ್ಛೇದದಲ್ಲಿ ‘ಶಲ್’ ಇದೆ. ರಾಜ್ಯಗಳ ಆಡಳಿತ ಭಾಷೆಯನ್ನು ಕುರಿತ 345ನೆಯ ಅನುಚ್ಛೇದದಲ್ಲಿ ‘ಮೇ’ ಇದೆ. ಅಂದರೆ ರಾಜ್ಯದ ಶಾಸನಸಭೆಯು ತನ್ನ ಭಾಷೆಯನ್ನು ಕಾಯಿದೆಯಿಂದ ಅಂಗೀಕರಿಸಬಹುದು. ತಾನಾಗಿ ಅದು ಆಗದು. ಈ ‘ಬಹುದು’ ಎಂಬುದನ್ನು ನಮ್ಮ ರಾಜ್ಯವು 1963ರ ಆಡಳಿತ ಭಾಷಾ ಕಾಯಿದೆಯಿಂದ ಕಾರ್ಯಗತ ಮಾಡಿಕೊಂಡಿತು. ಒಂದು ಸಹಾಯಕ ಕ್ರಿಯಾಪದವು ಬಿಟ್ಟ ಎಡೆಯಲ್ಲಿ ಕನ್ನಡವು ಕಚೇರಿಯನ್ನು ಪ್ರವೇಶಿಸಿತೆನ್ನಬಹುದು.

ಆದುದರಿಂದ ಉಪಾಧ್ಯಾಯರಲ್ಲಿಯೂ ತಂದೆತಾಯಿಗಳಲ್ಲಿಯೂ ನನ್ನ ವಿಜ್ಞಾಪನೆ ಇಷ್ಟೆ: ಈ ಪದಗಳನ್ನು ಪಟ್ಟಿಯಿಂದ ಕಲಿಸಬೇಡಿರಿ. ಮಗುವು ಮನೆಯಲ್ಲಿ ಆಜ್ಞೆಯನ್ನು, ಅಪ್ಪಣೆಯನ್ನು, ನಿಷೇಧವನ್ನು, ಸಂದೇಹವನ್ನು ಹೇಗೆ ಹೇಳುತ್ತದೆಂದು ಮೊದಲು ಕೇಳಿರಿ. ಬಳಿಕ ಇಂಗ್ಲಿಷಿನ ಪದವನ್ನು ಅದರ ಎದುರಿಗಿಡಿರಿ. ಮನೆಮಾತನ್ನು ಹೊಸ್ತಿಲಿನ ಆಚೆ ನಿಲ್ಲಿಸಿ ಕಲಿಸಿದ ಇಂಗ್ಲಿಷು ಪರೀಕ್ಷೆಯ ದಿನ ನೆನಪಿದ್ದರೂ, ಕರಾರಿಗೆ ರುಜು ಹಾಕುವ ದಿನ ಕೈಕೊಡುತ್ತದೆ.