ಕಂಪ್ಯೂಟರ್ ಮತ್ತು ರೇಡಿಯೋ: ಅಕ್ಷರದ ಸಂದೇಶ



2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿ ಅಂಡಮಾನಿನ ಫೋನುಗಳು ಸ್ತಬ್ಧವಾದಾಗ, ಅಲ್ಲಿದ್ದ ಹವ್ಯಾಸಿ ರೇಡಿಯೋ ತಂಡದ ಭಾರತಿ ಪ್ರಸಾದ್ ಹೊರಜಗತ್ತಿಗೆ ಸುದ್ದಿ ಮುಟ್ಟಿಸಿದರು. ಅದೇ ರೇಡಿಯೋದಲ್ಲಿ ಅಕ್ಷರಗಳನ್ನೂ ಕಳಿಸಬಹುದು.

ಇಂಗ್ಲೆಂಡಿನ ಪೀಟರ್ ಮಾರ್ಟಿನೆಜ್ ರೂಪಿಸಿದ ಪಿಎಸ್‌ಕೆ31 ವಿಧಾನಕ್ಕೆ ಹಳೆಯ ಕಂಪ್ಯೂಟರೇ ಸಾಕು. ರೇಡಿಯೋದ ಧ್ವನಿ ಸೌಂಡ್ ಕಾರ್ಡಿನ ಒಳಕ್ಕೆ, ಕಾರ್ಡಿನ ಧ್ವನಿ ರೇಡಿಯೋದ ಮೈಕಿಗೆ, ಇವೆರಡೇ ತಂತಿ. ನಡುವೆ ಚಿಕ್ಕ ಟ್ರಾನ್ಸ್‌ಫಾರ್ಮರ್ ಇಟ್ಟರೆ ಗುಂಯ್‌ಗುಡುವ ಸದ್ದು ತಗ್ಗುತ್ತದೆ. ಎಫ್‌ಎಲ್‌ಡಿಜಿ ತಂತ್ರಾಂಶ ಉಚಿತ. ಮಾತಿಗೆ ಎರಡೂವರೆ ಸಾವಿರ ಹರ್ಟ್ಜ್ ಬೇಕಾದರೆ ಇದಕ್ಕೆ ನೂರೂ ಬೇಡ. ಅದಕ್ಕೇ ದುರ್ಬಲ ಸಂಕೇತವೂ ದೂರ ತಲುಪುತ್ತದೆ.

ಹೊಸಬರು ಎಡವುವುದು ಧ್ವನಿಮಟ್ಟದಲ್ಲಿ. ಜೋರು ಮಾಡಿದರೆ ದೂರ ಹೋದೀತೆಂದು ಹಿಗ್ಗಿಸುತ್ತಾರೆ, ಸಂಕೇತ ಹರಡಿ ಅಕ್ಕಪಕ್ಕದವರ ಮಾತು ಕೆಡುತ್ತದೆ. ಎಎಲ್‌ಸಿ ಮುಳ್ಳು ಅಲುಗದಷ್ಟು ತಗ್ಗಿಸಿ. ಇನ್ನೊಂದು ಕೊರತೆ ನನಗೆ ಬೇಸರ ತರುತ್ತದೆ: ಇದು ಇಂಗ್ಲಿಷ್ ಅಕ್ಷರಗಳಿಗಾಗಿ ಹೆಣೆದದ್ದು, ‘ಕ್ಷೇಮ’ ಎಂಬುದನ್ನೂ ಆ ಅಕ್ಷರಗಳಲ್ಲೇ ಬರೆಯಬೇಕು.

ಪರವಾನಗಿಯಿಲ್ಲದೆ ಪ್ರಸಾರ ಮಾಡುವುದು ಅಪರಾಧ. ಹನ್ನೆರಡು ವರ್ಷ ತುಂಬಿದವರು ಕೇಂದ್ರ ಸರ್ಕಾರದ ಪರೀಕ್ಷೆಗೆ ಕೂರಬಹುದು. ವಿದ್ಯುನ್ಮಾನ ಮತ್ತು ನಿಯಮಗಳ ಪ್ರಶ್ನೆಗಳಿರುತ್ತವೆ. ಭೌತಶಾಸ್ತ್ರದ ಪುಸ್ತಕ ಕೈಯಲ್ಲಿರುವ ಮಕ್ಕಳಿಗೆ ಅದು ಕಷ್ಟವಲ್ಲ. ಹೆಸರು ಬರೆಸುವವರು ಈಗಲೇ ಮುಂದೆ ಬನ್ನಿ.