ಹಳೆಯ ಬೈಕಿಗೆ ದೊಡ್ಡ ಸಿಲಿಂಡರು: ಲೆಕ್ಕ ಏನು ಹೇಳುತ್ತದೆ?



ನಮ್ಮ ಮಂಗಳೂರಿನ ರಸ್ತೆಗಳಲ್ಲಿ ಹೊಸ ಬೈಕುಗಳ ಮೆಲುದನಿಯ ನಡುವೆ ಒಂದು ಹಳೆಯ ಸದ್ದು ಇಂದಿಗೂ ಆಗಾಗ ಕೇಳಿಬರುತ್ತದೆ. ಅದು ಯಮಹಾ ಆರ್‌ಎಕ್ಸ್ 100ರ ಸದ್ದು. 1985ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ಈ ಬೈಕಿನ ತಯಾರಿಕೆ ನಿಂತದ್ದು 1996ರಲ್ಲಿ. ಅಂದರೆ ನಿಮ್ಮಲ್ಲಿ ಯಾರೂ ಹುಟ್ಟುವ ಮೊದಲೇ. ಆದರೂ ತಂದೆಯದೋ ಮಾವನದೋ ಆದ ಬೈಕನ್ನು ಶೆಡ್ಡಿನಿಂದ ಹೊರತೆಗೆದು, ಒರೆಸಿ, ಓಡಿಸುವ ಆಸೆ ನಿಮ್ಮಲ್ಲಿ ಹಲವರಿಗಿದೆ. ಬೈಕು ಓಡತೊಡಗಿದ ಕೂಡಲೇ ಎರಡನೆಯ ಆಸೆಯೂ ಹುಟ್ಟುತ್ತದೆ: "ಇದಕ್ಕೆ 135ರ ಸಿಲಿಂಡರು ಕೂರಿಸಿದರೆ ಹೇಗೆ?"

ಈ ಪ್ರಶ್ನೆಗೆ ಗ್ಯಾರೇಜಿನಲ್ಲಿ ಒಂದು ಉತ್ತರ ಸಿಗುತ್ತದೆ. ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿ ಇನ್ನೊಂದಿದೆ. ಇಂದು ಎರಡನ್ನೂ ಜೊತೆಗಿಟ್ಟು ನೋಡೋಣ.

ಮೊದಲು ಅಳತೆ. ಆರ್‌ಎಕ್ಸ್ 100ರ ಸಿಲಿಂಡರಿನ ಒಳವ್ಯಾಸ, ಅಂದರೆ ಬೋರು, 50 ಮಿ.ಮೀ. ಪಿಸ್ಟನ್ನು ಮೇಲಕ್ಕೂ ಕೆಳಕ್ಕೂ ಚಲಿಸುವ ದೂರ, ಅಂದರೆ ಸ್ಟ್ರೋಕು, ಅದೂ 50 ಮಿ.ಮೀ. ಸಿಲಿಂಡರಿನ ಘನಫಲದ ಸೂತ್ರ ನಿಮಗೆ ಗೊತ್ತೇ ಇದೆ. ಲೆಕ್ಕ ಹಾಕಿದರೆ 98 ಘನ ಸೆಂಟಿಮೀಟರಿಗೆ ತುಸು ಹೆಚ್ಚು ಬರುತ್ತದೆ. ಇದೇ ಬೈಕಿನ ಮುಂದಿನ ತಲೆಮಾರು ಆರ್‌ಎಕ್ಸ್ 135. ಅದರ ಸ್ಟ್ರೋಕು ಅದೇ 50, ಬೋರು ಮಾತ್ರ 58 ಮಿ.ಮೀ. ಘನಫಲ 132 ಸಿ.ಸಿ. ಸ್ಟ್ರೋಕು ಒಂದೇ ಆಗಿರುವುದರಿಂದಲೇ ಇದರ ಸಿಲಿಂಡರನ್ನು ಅದಕ್ಕೆ ಕೂರಿಸುವ ಯೋಚನೆ ಹುಟ್ಟಿತು. ವ್ಯಾಸ ಹೆಚ್ಚಿದ್ದು ಶೇ. 16, ಘನಫಲ ಹೆಚ್ಚಿದ್ದು ಸುಮಾರು ಶೇ. 35. ಏಕೆ? ವೃತ್ತದ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗ್ಯಾರೇಜಿನ ಉತ್ತರ ಇಲ್ಲಿಗೆ ಮುಗಿಯುತ್ತದೆ. ಪುಸ್ತಕದ ಉತ್ತರ ಇಲ್ಲಿಂದ ಆರಂಭವಾಗುತ್ತದೆ.

ವರ್ಗದ ನಿಯಮ ಲಾಭಕ್ಕೆ ಮಾತ್ರ ಅನ್ವಯಿಸುವುದಿಲ್ಲ, ಹೊರೆಗೂ ಅನ್ವಯಿಸುತ್ತದೆ. ಬಲವೆಂದರೆ ಒತ್ತಡವನ್ನು ವಿಸ್ತೀರ್ಣದಿಂದ ಗುಣಿಸಿದಾಗ ಬರುವ ಮೊತ್ತ. ಪಿಸ್ಟನ್ನಿನ ತಲೆಯ ವಿಸ್ತೀರ್ಣ ಶೇ. 35ರಷ್ಟು ಹೆಚ್ಚಿದರೆ, ಒಳಗಿನ ಒತ್ತಡ ಮೊದಲಿನಷ್ಟೇ ಇದ್ದರೂ, ಕನೆಕ್ಟಿಂಗ್ ರಾಡಿನ ಮೇಲೆ, ಕ್ರ್ಯಾಂಕಿನ ಬೇರಿಂಗುಗಳ ಮೇಲೆ ಬೀಳುವ ಬಲ ಅಷ್ಟೇ ಹೆಚ್ಚುತ್ತದೆ. ಅವು ಮೂವತ್ತು ವರ್ಷ ದುಡಿದ ಭಾಗಗಳು. ದೊಡ್ಡ ಪಿಸ್ಟನ್ನಿಗೆ ತೂಕವೂ ಹೆಚ್ಚು. ಹಗುರ ಪಿಸ್ಟನ್ನಿಗೆ ಸರಿತೂಗಿಸಿದ ಕ್ರ್ಯಾಂಕಿನಲ್ಲಿ ಅದು ನಡುಕ ಹುಟ್ಟಿಸುತ್ತದೆ. ಇನ್ನೊಂದು ಸಂಗತಿ: ದೊಡ್ಡ ಸಿಲಿಂಡರಿನ ಬುಡ 100ರ ಕ್ರ್ಯಾಂಕ್‌ಕೇಸಿನ ಬಾಯಿಯೊಳಗೆ ಹಾಗೆಯೇ ಇಳಿಯುವುದಿಲ್ಲ. ಆ ಬಾಯಿಯನ್ನು ಕೊರೆದು ಅಗಲಿಸಬೇಕು. ಕೊರೆದ ಲೋಹವನ್ನು ಮರಳಿ ತುಂಬಲಾಗದು.

ಇನ್ನು ಟೂ ಸ್ಟ್ರೋಕ್ ಎಂಜಿನಿನ ಸ್ವಭಾವ ನೋಡಿ. ಇದರ ತಲೆಯಲ್ಲಿ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ. ಪಿಸ್ಟನ್ನೇ ಅವುಗಳ ಬಾಗಿಲು. ಕೆಳಗಿಳಿಯುವ ಪಿಸ್ಟನ್ನು ಮೊದಲು ಹೊಗೆಯ ಕಿಂಡಿಯನ್ನು ತೆರೆಯುತ್ತದೆ, ಕ್ಷಣದ ಬಳಿಕ ಹೊಸ ಮಿಶ್ರಣದ ಕಿಂಡಿಗಳನ್ನು. ಆಗ ಹೊಸ ಮಿಶ್ರಣದ ಒಂದು ಪಾಲು ಸುಡದೆ ಹೊಗೆಯ ಜೊತೆ ಹೊರಗೆ ನುಗ್ಗುತ್ತದೆ. ಅದನ್ನು ಹಿಂದಕ್ಕೆ ತಳ್ಳುವುದು ಸೈಲೆನ್ಸರಿನೊಳಗಿಂದ ಪ್ರತಿಫಲಿಸಿ ಬರುವ ಒತ್ತಡದ ಅಲೆ. ಕಿಂಡಿಯ ಎತ್ತರ, ಸೈಲೆನ್ಸರಿನ ಉದ್ದ ಮತ್ತು ಆಕಾರ, ಕಾರ್ಬ್ಯುರೇಟರಿನ ಜೆಟ್ಟು, ಇವೆಲ್ಲ ಒಂದೇ ಶ್ರುತಿಯಲ್ಲಿರಬೇಕು. ಸಿಲಿಂಡರನ್ನು ಮಾತ್ರ ಬದಲಿಸಿ ಉಳಿದುದನ್ನು ಹಾಗೇ ಬಿಟ್ಟರೆ ಘನಫಲ ಏರಿದಷ್ಟು ಶಕ್ತಿ ಏರುವುದಿಲ್ಲ. ಪೆಟ್ರೋಲು ಕುಡಿಯುವುದು, ಹೊಗೆ ಉಗುಳುವುದು ಮಾತ್ರ ಖಂಡಿತ ಏರುತ್ತದೆ.

ಮುಂದಿನದು ಶಾಖದ ಪ್ರಶ್ನೆ. ದೊಡ್ಡ ಸಿಲಿಂಡರಿಗೆ ಜೆಟ್ಟು ಹೊಂದಿಸದೆ ಓಡಿಸಿದರೆ ಗಾಳಿ ಹೆಚ್ಚಾಗಿ ಇಂಧನ ಕಡಿಮೆಯಾಗಬಹುದು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲಿನ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ. ತೆಳು ಮಿಶ್ರಣ ಎಂಜಿನನ್ನು ಹೆಚ್ಚು ಕಾಯಿಸುತ್ತದೆ. ಪಿಸ್ಟನ್ನು ಅಲ್ಯೂಮಿನಿಯಂ ಮಿಶ್ರಲೋಹದ್ದು. ಅದು ಉಜ್ಜುವ ಗೋಡೆ ಬೀಡು ಕಬ್ಬಿಣದ್ದು. ಒಂದೇ ಶಾಖಕ್ಕೆ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಅವೆರಡರ ನಡುವೆ ಬಿಟ್ಟಿರುವ ಜಾಗವೋ ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ ಅಳೆಯುವಂಥದು. ಆ ಜಾಗ ಮುಗಿದಾಗ ಪಿಸ್ಟನ್ನು ಹಿಡಿದುಕೊಳ್ಳುತ್ತದೆ. ಮೆಕ್ಯಾನಿಕ್ಕುಗಳು ಇದನ್ನೇ 'ಎಂಜಿನ್ ಸೀಜ್' ಎನ್ನುವುದು. ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ ಹೀಗಾದರೆ ಹಿಂದಿನ ಚಕ್ರ ಥಟ್ಟನೆ ನಿಂತುಬಿಡುತ್ತದೆ. ಸವಾರನ ಗತಿ ಏನಾಗುತ್ತದೆಂದು ನಾನು ವಿವರಿಸಬೇಕಾಗಿಲ್ಲ.

ಬ್ರೇಕಿನ ಲೆಕ್ಕವೂ ಇದೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣ. ಗಂಟೆಗೆ 60 ಕಿ.ಮೀ. ವೇಗ 72ಕ್ಕೆ ಏರಿದರೆ ವೇಗ ಹೆಚ್ಚಿದ್ದು ಶೇ. 20, ಬ್ರೇಕು ಹೀರಬೇಕಾದ ಶಕ್ತಿ ಹೆಚ್ಚಿದ್ದು ಶೇ. 44. ಆರ್‌ಎಕ್ಸ್ 100ಕ್ಕೆ ಇರುವುದು ಹಿಂದೆ ಮುಂದೆ ಎರಡೂ ಡ್ರಮ್ ಬ್ರೇಕುಗಳು. ಚಾರ್ಮಾಡಿ ಘಾಟಿ ಇಳಿಯುವಾಗ ಟೂ ಸ್ಟ್ರೋಕ್ ಎಂಜಿನು ಗೇರಿನಲ್ಲಿ ಬೈಕನ್ನು ತಡೆದು ಹಿಡಿಯುವುದೂ ಕಡಿಮೆ. ಭಾರವೆಲ್ಲ ಆ ಡ್ರಮ್ಮುಗಳ ಮೇಲೆಯೇ.

ಕಾನೂನು ಏನು ಹೇಳುತ್ತದೆ? ನೋಂದಣಿ ಪತ್ರದಲ್ಲಿ ನಮೂದಾದ ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಿಧಿಸುತ್ತದೆ. 2019ರ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. ದಂಡಕ್ಕಿಂತ ದೊಡ್ಡ ನಷ್ಟ ಮತ್ತೊಂದಿದೆ. 2021ರಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ನಿಯಮ ತಂದಿತು. ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲಿಯೇ ಇರಬೇಕು ಎಂಬುದು ಅದರ ಷರತ್ತು. 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಮೊದಲ ಜಾವಾಗಳಿಗೆ ಈಗಾಗಲೇ ಆ ವಯಸ್ಸಾಗಿದೆ. 1985ರ ಆರ್‌ಎಕ್ಸ್ 100ಕ್ಕೆ ಐವತ್ತು ತುಂಬುವುದು 2035ರಲ್ಲಿ. ಇಂದು ಕೊರೆದುಬಿಟ್ಟ ಕ್ರ್ಯಾಂಕ್‌ಕೇಸು ಅಂದು ಮೂಲ ರೂಪವೆನಿಸಲಾರದು.

ಹಾಗಾದರೆ ಹಳೆಯ ಸಿಲಿಂಡರಿಗೆ ಏನೂ ಮಾಡಬಾರದೇ? ಖಂಡಿತ ಮಾಡಬೇಕು. ನಮ್ಮ ಕರಾವಳಿಯಲ್ಲಂತೂ ಮಾಡಲೇಬೇಕಾಗುತ್ತದೆ. ಮಳೆಗಾಲದ ನಾಲ್ಕು ತಿಂಗಳು ನಿಂತ ಬೈಕಿನ ಸೈಲೆನ್ಸರಿನ ಮೂಲಕ, ತೆರೆದ ಕಿಂಡಿಯ ಮೂಲಕ, ಸಮುದ್ರದ ಉಪ್ಪುಗಾಳಿ ಸಿಲಿಂಡರಿನ ಒಳಗೋಡೆಯನ್ನು ಮುಟ್ಟುತ್ತದೆ. ಅಲ್ಲಿ ತುಕ್ಕು ಹಿಡಿಯುತ್ತದೆ. ಬಿಸಿಲು ಬಂದ ದಿನ ಉತ್ಸಾಹದಿಂದ ಕಿಕ್ ಹೊಡೆದರೆ ರಿಂಗುಗಳು ಆ ತುಕ್ಕನ್ನು ಉಜ್ಜಿ ಗೋಡೆಯಲ್ಲಿ ಗೀರು ಮೂಡಿಸುತ್ತವೆ. ಆದುದರಿಂದ ಮೊದಲು ಸ್ಪಾರ್ಕ್ ಪ್ಲಗ್ಗು ಬಿಚ್ಚಿ, ಒಳಗೆ ಸ್ವಲ್ಪ ಟೂ ಟಿ ಆಯಿಲ್ ಬಿಟ್ಟು, ಕಿಕ್ಕನ್ನು ಕೈಯಿಂದ ನಿಧಾನವಾಗಿ ಒತ್ತಿ ಎಂಜಿನನ್ನು ಕೆಲವು ಸುತ್ತು ತಿರುಗಿಸಿ.

ಗೀರು ಬಿದ್ದಾಗಿದ್ದರೆ ಅದಕ್ಕೂ ಮಾರ್ಗವಿದೆ. ಸಿಲಿಂಡರನ್ನು ರೀಬೋರ್ ಮಾಡಿಸಿ, 0.25 ಅಥವಾ 0.50 ಮಿ.ಮೀ. ದೊಡ್ಡದಾದ ಪಿಸ್ಟನ್ನು ಹಾಕುವುದು. ಬೋರು 50ರಿಂದ 50.5 ಆದರೆ ಘನಫಲ 98ರಿಂದ ಸುಮಾರು 100 ಸಿ.ಸಿ.ಗೆ ಏರುತ್ತದೆ, ಅಷ್ಟೇ. ಆದರೆ ಸೋರುತ್ತಿದ್ದ ಒತ್ತಡ ಮರಳಿ ನಿಲ್ಲುತ್ತದೆ, ಕಳೆದುಹೋದ ಎಳೆತ ಮರಳಿ ಬರುತ್ತದೆ. ಅನೇಕ ವೇಳೆ ನಿಮಗೆ ಕಡಿಮೆ ಅನ್ನಿಸಿದ ಶಕ್ತಿ ತಯಾರಕರು ಕೊಡದೇ ಹೋದದ್ದಲ್ಲ, ಸವೆತದಿಂದ ನೀವು ಕಳೆದುಕೊಂಡದ್ದು.

ಬೋರ್ ಮಾಡಿಸುವಾಗ ಎರಡು ಕೆಲಸ ಮರೆಯಬೇಡಿ. ಹೊಸ ಪಿಸ್ಟನ್ನನ್ನು ಮೊದಲೇ ಕೊಂಡು ಲೇತ್ ಅಂಗಡಿಗೆ ಒಯ್ಯಿರಿ. ಅದನ್ನು ಅಳೆದ ಮೇಲೆಯೇ ಸಿಲಿಂಡರು ಕೊರೆಯಬೇಕು. ಕೊರೆದ ಬಳಿಕ ಬೋರ್ ಗೇಜಿನಲ್ಲಿ ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಅಳೆಸಿ, ಆ ಆರು ಸಂಖ್ಯೆಗಳನ್ನು ನಿಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಸಂಖ್ಯೆಗಳು ಒಂದಕ್ಕೊಂದು ಹೊಂದದಿದ್ದರೆ ಸಂಕೋಚವಿಲ್ಲದೆ ಕಾರಣ ಕೇಳಿ. ಒಳ್ಳೆಯ ಕೆಲಸಗಾರ ಇಂಥ ಪ್ರಶ್ನೆಗೆ ಬೇಸರಿಸುವುದಿಲ್ಲ.