ಯಂತ್ರದ ಹುಚ್ಚು ಮತ್ತು ಮಳೆಯ ಪುಸ್ತಕ
(ಬಳಗದ ಸದಸ್ಯರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಕಾಡು, ನದಿ, ಬೆಟ್ಟಗಳ ಮಾತು ನಡೆಯುವ ಈ ವೇದಿಕೆಗೆ ಬೆಂಗಳೂರಿನ ಯಂತ್ರಪ್ರೇಮಿಯೊಬ್ಬನನ್ನು ಕರೆದಿರುವುದು ನಿಮ್ಮಲ್ಲಿ ಕೆಲವರಿಗೆ ವಿಚಿತ್ರವಾಗಿ ಕಂಡಿರಬಹುದು. ಆಹ್ವಾನಪತ್ರದಲ್ಲಿ ನನ್ನ ಹೆಸರಿನ ಮುಂದೆ ‘ತಂತ್ರಜ್ಞ’ ಎಂದು ಅಚ್ಚಾಗಿದೆ. ಅದು ದೊಡ್ಡ ಮಾತಾಯಿತು. ನನ್ನನ್ನು ನಾನು ಕರೆದುಕೊಳ್ಳುವುದು ‘ಗೀಕ್’ ಎಂದು. ಈ ಪದಕ್ಕೆ ಸರಿಯಾಗಿ ಒಪ್ಪುವ ಕನ್ನಡ ಪದ ನನಗೆ ಸಿಕ್ಕಿಲ್ಲ. ಯಾವುದೇ ವಸ್ತುವನ್ನು ಬಿಚ್ಚಿ ನೋಡದೆ ಸಮಾಧಾನ ಪಡದವನು, ಜೋಡಿಸಿದ ಮೇಲೆ ಉಳಿದ ಎರಡು ತಿರುಪುಗಳನ್ನು ಡಬ್ಬಿಯಲ್ಲಿ ಜೋಪಾನವಾಗಿ ಎತ್ತಿಡುವವನು, ರಾತ್ರಿ ಹನ್ನೊಂದರ ನಂತರ ಅಂತರ್ಜಾಲದಲ್ಲಿ ಹಳೆಯ ನಕಾಶೆಗಳನ್ನು ಹುಡುಕುತ್ತ ಕುಳಿತುಕೊಳ್ಳುವವನು ಎಂದರೆ ಅರ್ಥ ಸ್ಥೂಲವಾಗಿ ಹೊಂದುತ್ತದೆ.

ಆದರೆ ಈ ಜಾತಿಯ ಮನುಷ್ಯರು ಮಲೆನಾಡಿಗೆ ಹೊಸಬರೇನೂ ಅಲ್ಲ. ಮೂಡಿಗೆರೆಯ ತೋಟದಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರನ್ನು ನಾವು ಸಾಹಿತಿಯೆಂದು ಓದುತ್ತೇವೆ. ಕ್ಯಾಮೆರಾ, ಗಾಳ, ವಾಹನದ ಎಂಜಿನ್, ಗಣಕಯಂತ್ರ ಇವೆಲ್ಲವೂ ಅವರಿಗೆ ಹಕ್ಕಿಯಷ್ಟೇ ಕುತೂಹಲದ ವಸ್ತುಗಳಾಗಿದ್ದವು. 2007ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವ ತನಕವೂ ಗಣಕದಲ್ಲಿ ಕನ್ನಡವು ಯಾರ ಹಂಗೂ ಇಲ್ಲದೆ ನಡೆಯಬೇಕೆಂದು ಅವರು ವಾದಿಸುತ್ತಲೇ ಇದ್ದರು. ಯಂತ್ರವನ್ನು ಪ್ರೀತಿಸುವುದಕ್ಕೂ ಕಾಡನ್ನು ಪ್ರೀತಿಸುವುದಕ್ಕೂ ವಿರೋಧವಿದೆಯೆಂದು ಯಾರಾದರೂ ಹೇಳಿದಾಗ ನನಗೆ ನೆನಪಾಗುವುದು ಅವರೇ.

ನಾನು ವಾಸಿಸುವುದು ಬೆಂಗಳೂರಿನ ಪಶ್ಚಿಮ ಭಾಗದ ಅನ್ನಪೂರ್ಣೇಶ್ವರಿ ನಗರದಲ್ಲಿ. ಒಂದು ಕಡೆ ನಾಗರಭಾವಿ, ಇನ್ನೊಂದು ಕಡೆ ಮಲ್ಲತ್ತಹಳ್ಳಿಯ ಕೆರೆ, ಸ್ವಲ್ಪ ಮುಂದೆ ಹೋದರೆ ಜ್ಞಾನಭಾರತಿಯ ಮರಗಳು. ನಮ್ಮ ಬೀದಿಯಲ್ಲಿ ಬಿದ್ದ ಮಳೆ ಮೋರಿಯಿಂದ ರಾಜಕಾಲುವೆಗೆ, ಅಲ್ಲಿಂದ ವೃಷಭಾವತಿಗೆ, ಅರ್ಕಾವತಿಗೆ, ಕೊನೆಗೆ ಕಾವೇರಿಗೆ ಸೇರುತ್ತದೆ. ಕುಡಿಯುವ ನೀರು ಅದೇ ಕಾವೇರಿಯಿಂದ ಸುಮಾರು ನೂರು ಕಿಲೋಮೀಟರು ದೂರ, ಮೇಲ್ಮುಖವಾಗಿ ಪಂಪಾಗಿ ಬರುತ್ತದೆ. ಶರಾವತಿಯ ವಿದ್ಯುತ್ತನ್ನು ಬೆಂಗಳೂರು ಅರವತ್ತರ ದಶಕದಿಂದಲೂ ಉಣ್ಣುತ್ತ ಬಂದಿದೆ. ನನ್ನ ಮೇಜಿನ ಮೇಲಿನ ಒಂದೊಂದು ಪುಟ್ಟ ದೀಪದ ಹಿಂದೆಯೂ ನಿಮ್ಮ ಕಣಿವೆಗಳಿವೆ. ಇದನ್ನು ಸೌಜನ್ಯಕ್ಕಾಗಿ ಹೇಳುತ್ತಿಲ್ಲ. ನಾನು ಮುಂದೆ ಹೇಳಬೇಕಾದ ಲೆಕ್ಕಕ್ಕೆ ಅದು ಬೇಕು.

ನನ್ನ ಹವ್ಯಾಸಗಳಲ್ಲಿ ಹೆಚ್ಚು ಕಾಲ ಬಾಳಿದ್ದು ಮಳೆ ಅಳೆಯುವುದು. ತಾರಸಿಯ ಮೇಲೆ ಒಂದು ಆಲಿಕೆ, ಅದರ ಕೆಳಗೆ ಏತದಂತೆ ತೂಗುವ ಎರಡು ಪುಟ್ಟ ಬಟ್ಟಲುಗಳು. ಆಲಿಕೆಯ ಬಾಯಿಯ ವಿಸ್ತೀರ್ಣ 200 ಚದರ ಸೆಂಟಿಮೀಟರು. ಬಟ್ಟಲಿನಲ್ಲಿ ನಾಲ್ಕು ಮಿಲಿಲೀಟರು ನೀರು ತುಂಬಿದೊಡನೆ ಅದು ಭಾರಕ್ಕೆ ಮಗುಚಿಕೊಳ್ಳುತ್ತದೆ, ಮತ್ತೊಂದು ಬಟ್ಟಲು ಮೇಲೇಳುತ್ತದೆ. ಮಗುಚುವಾಗ ಅಯಸ್ಕಾಂತದ ಒಂದು ಚೂರು ಸಣ್ಣ ಸ್ವಿಚ್ಚಿನ ಮುಂದೆ ಹಾದುಹೋಗುತ್ತದೆ. ಅಂಗೈಯಗಲದ ರಾಸ್ಪ್‌ಬೆರಿ ಪೈ ಗಣಕವು ಅದನ್ನು ‘ಒಂದು’ ಎಂದು ಎಣಿಸಿ ಗಂಟೆ, ನಿಮಿಷ, ಸೆಕೆಂಡುಗಳ ಸಮೇತ ಬರೆದಿಡುತ್ತದೆ. ಒಂದು ಮಗುಚಿಗೆ 0.2 ಮಿಲಿಮೀಟರು ಮಳೆ. ಐದು ಮಗುಚಿದರೆ ಒಂದು ಮಿಲಿಮೀಟರು. ಬೇಕಾದ ಭಾಗಗಳೆಲ್ಲ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತವೆ. ಆ ರಸ್ತೆಯಲ್ಲಿ ಅರ್ಧ ದಿನ ಅಲೆಯುವುದು ನನಗೆ ತೀರ್ಥಯಾತ್ರೆ. ನಮ್ಮ ಮನೆಯವರ ಅಭಿಪ್ರಾಯ ಬೇರೆ ಇದೆ.

ಒಂದು ಮಿಲಿಮೀಟರು ಮಳೆಯೆಂದರೆ ಒಂದು ಚದರ ಮೀಟರಿಗೆ ಒಂದು ಲೀಟರು ನೀರು. ಮೂವತ್ತು ನಲವತ್ತು ಅಡಿಯ ನಿವೇಶನವೊಂದರ ಮೇಲೆ ಅದು ಸುಮಾರು 111 ಲೀಟರಾಗುತ್ತದೆ. ವರ್ಷಕ್ಕೆ 970 ಮಿಲಿಮೀಟರು ಎಂದು ಹಿಡಿದರೂ ಲಕ್ಷ ಲೀಟರಿಗೆ ಮೀರುತ್ತದೆ. ಅಷ್ಟನ್ನೂ ಮೋರಿಗೆ ಬಿಟ್ಟು ಟ್ಯಾಂಕರಿಗೆ ಫೋನು ಮಾಡುವ ಬೀದಿ ನಮ್ಮದು. ಇದೇ ಅಳತೆಯ ನಿವೇಶನ ಆಗುಂಬೆಯಲ್ಲಿದ್ದರೆ, ಏಳು ಸಾವಿರ ಮಿಲಿಮೀಟರಿನ ವರ್ಷದಲ್ಲಿ, ಹೆಚ್ಚುಕಡಮೆ ಎಂಟು ಲಕ್ಷ ಲೀಟರು ಬೀಳುತ್ತದೆ.

ಈ ತೂಗುವ ಬಟ್ಟಲಿಗೆ ಒಂದು ದೋಷವಿದೆ. ಮಲೆನಾಡಿನವರು ಅದನ್ನು ಅಗತ್ಯವಾಗಿ ತಿಳಿದಿರಬೇಕು. ಗಂಟೆಗೆ ನೂರು ಮಿಲಿಮೀಟರಿನ ರಭಸದಲ್ಲಿ ಮಳೆ ಸುರಿದರೆ ಏಳು ಸೆಕೆಂಡಿಗೊಮ್ಮೆ ಬಟ್ಟಲು ಮಗುಚಬೇಕು. ಮಗುಚಲು ಹಿಡಿಯುವ ಆ ಕ್ಷಣಮಾತ್ರದಲ್ಲಿಯೂ ಆಲಿಕೆಯಿಂದ ನೀರು ಇಳಿಯುತ್ತಲೇ ಇರುತ್ತದೆ, ಆದರೆ ಲೆಕ್ಕಕ್ಕೆ ಸಿಗುವುದಿಲ್ಲ. ಮಳೆ ಬಿರುಸಾದಷ್ಟೂ ಯಂತ್ರ ಕಡಿಮೆ ಹೇಳುತ್ತದೆ. ಎಂದರೆ ಅಪಾಯ ಹೆಚ್ಚಿರುವ ದಿನವೇ ಅದರ ಮಾತು ಸಡಿಲ. ನಿಮ್ಮ ಅಂಗಳದಲ್ಲಿ ಅಜ್ಜಂದಿರ ಕಾಲದಿಂದ ನಿಂತಿರುವ, ನೀರನ್ನು ಸುಮ್ಮನೆ ತುಂಬಿಸಿಕೊಂಡು ಅಳತೆ ಗಾಜಿಗೆ ಸುರಿಯುವ ಮಾಪಕಕ್ಕೆ ಈ ದೋಷವಿಲ್ಲ. ಯಂತ್ರದ ಹುಚ್ಚಿನವನ ಬಾಯಿಂದಲೇ ಈ ಮಾತು ಕೇಳಿ ನಿಮಗೆ ಸಂತೋಷವಾದರೆ ನನ್ನ ಆಕ್ಷೇಪವಿಲ್ಲ. ನಾನು ಈಗ ಎರಡನ್ನೂ ಅಕ್ಕಪಕ್ಕದಲ್ಲಿಯೇ ಇಟ್ಟಿದ್ದೇನೆ.

ಈ ಹವ್ಯಾಸಕ್ಕೂ ಜೀವಕ್ಕೂ ಇರುವ ಸಂಬಂಧವನ್ನು ವಯನಾಡು ತೋರಿಸಿತು. ಕಲ್ಪೆಟ್ಟದ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ಜಿಲ್ಲೆಯಾದ್ಯಂತ ಇನ್ನೂರಕ್ಕೂ ಹೆಚ್ಚು ಮಳೆಮಾಪಕಗಳ ಜಾಲವನ್ನು ಕಟ್ಟಿತ್ತು. ಅವುಗಳನ್ನು ನೋಡಿ ಬರೆದುಕೊಡುತ್ತಿದ್ದವರು ಬಹುತೇಕ ಸ್ಥಳೀಯರೇ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಪ್ರದೇಶಗಳು ಕೊಚ್ಚಿಹೋದವು. ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಹಿಂದಿನ ದಿನವೇ ಮಳೆಯ ಅಂಕಿಗಳನ್ನು ನೋಡಿದ ಆ ಸಂಸ್ಥೆ ಭೂಕುಸಿತದ ಸಾಧ್ಯತೆಯನ್ನು ಜಿಲ್ಲಾಡಳಿತದ ಗಮನಕ್ಕೆ ತಂದಿತ್ತು. ಆ ಎಚ್ಚರಿಕೆಯ ಮೇಲೆ ಏನಾಗಬೇಕಿತ್ತು ಎಂಬ ಚರ್ಚೆ ಬೇರೆ. ಅಂಗಳದ ಮಾಪಕಗಳಿಂದ ಅಂಥದೊಂದು ಎಚ್ಚರಿಕೆ ಸಾಧ್ಯವಾಯಿತು ಎಂಬುದು ಇಲ್ಲಿ ನನಗೆ ಮುಖ್ಯ.

ನಮ್ಮ ರಾಜ್ಯದಲ್ಲಿ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗೊಂದರಂತೆ ದೂರಸಂವೇದಿ ಮಳೆಮಾಪಕಗಳನ್ನು ಇರಿಸಿದೆ. ದೇಶದಲ್ಲಿಯೇ ಮೆಚ್ಚತಕ್ಕ ಕೆಲಸ ಅದು. ಆದರೆ ಬಯಲುಸೀಮೆಯ ಪಂಚಾಯಿತಿಯೇ ಬೇರೆ, ಘಟ್ಟದ ಪಂಚಾಯಿತಿಯೇ ಬೇರೆ. ಇಲ್ಲಿ ಗುಡ್ಡದ ಈ ಮಗ್ಗುಲಿಗೆ ಎರಡು ಇಂಚು ಬಿದ್ದರೆ ಆ ಮಗ್ಗುಲಿಗೆ ಐದು ಇಂಚು ಬೀಳುವುದು ನಿಮಗೆ ಗೊತ್ತಿರುವ ಸಂಗತಿಯೇ. 2018ರ ಆಗಸ್ಟಿನಲ್ಲಿ ಕೊಡಗನ್ನು, 2024ರ ಜುಲೈ 16ರಂದು ಅಂಕೋಲೆಯ ಶಿರೂರನ್ನು ಕಂಡವರು ನಡುವಿನ ಖಾಲಿ ಜಾಗಗಳನ್ನು ತುಂಬುವವರು ಯಾರೆಂದು ಕೇಳಲೇಬೇಕಾಗುತ್ತದೆ.

ತುಂಬುವ ಸಾಮಗ್ರಿ ನಿಮ್ಮ ಮನೆಗಳಲ್ಲಿಯೇ ಇದೆ. ಕಾಫಿ, ಏಲಕ್ಕಿ, ಅಡಿಕೆ ತೋಟಗಳ ಮನೆಗಳಲ್ಲಿ ಮಳೆಯ ಲೆಕ್ಕ ಬರೆದಿಡುವುದು ತಲೆಮಾರುಗಳ ರೂಢಿ. ಎಷ್ಟೋ ಮನೆಗಳಲ್ಲಿ ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿಯೇ ಇಂಚು, ಸೆಂಟುಗಳು ಕಾಣುತ್ತವೆ. ಕೆಲವರು ದಪ್ಪ ರಟ್ಟಿನ ಪುಸ್ತಕ ಇಟ್ಟಿದ್ದಾರೆ. ಒಂದು ಇಂಚಿಗೆ ನೂರು ಸೆಂಟು, ಎಂದರೆ ಒಂದು ಸೆಂಟು 0.254 ಮಿಲಿಮೀಟರು, ಪರಿವರ್ತನೆಗೆ ಗಣಕವೂ ಬೇಡ. ಈ ಪುಸ್ತಕಗಳು ಈಗ ಎಲ್ಲಿವೆ? ಅಟ್ಟದ ಮೇಲೆ, ಗೆದ್ದಲಿನ ದಾರಿಯಲ್ಲಿ. ಮಕ್ಕಳು ಬೆಂಗಳೂರಿಗೆ ಬಂದು ನಮ್ಮಂಥ ಬಡಾವಣೆಗಳಲ್ಲಿ ಮನೆ ಮಾಡಿದ್ದಾರೆ. ತೋಟ ಮಾರಾಟವಾದರೆ ಹೊಸಬರು ಮೊದಲು ಖಾಲಿ ಮಾಡಿಸುವುದು ಅಟ್ಟವನ್ನೇ. ಮುಂದೊಂದು ದಿನ ನಿಮ್ಮ ಕಣಿವೆಗೆ ಯಾವುದಾದರೂ ಯೋಜನೆ ಬಂದು, ‘ಇಲ್ಲಿ ಇಷ್ಟೇ ಮಳೆ, ಈ ಇಳಿಜಾರಿಗೆ ಅಪಾಯವಿಲ್ಲ’ ಎಂದು ವರದಿಯೊಂದು ಹೇಳಿದಾಗ, ಮೇಜಿನ ಮೇಲೆ ಇಡಲು ನಮ್ಮ ಬಳಿ ನಲವತ್ತು ವರ್ಷದ ದಿನದಿನದ ಅಂಕಿಗಳಿರಬೇಕೋ ಅಥವಾ ‘ಮೊದಲೆಲ್ಲ ಬಹಳ ಮಳೆ ಬರುತ್ತಿತ್ತು’ ಎಂಬ ನೆನಪು ಸಾಕೋ? ಅಹವಾಲು ಸಭೆಗಳಲ್ಲಿ ಕುಳಿತ ಅನುಭವ ನಿಮಗೆ ನನಗಿಂತ ಹೆಚ್ಚು ಇದೆ.

ಎರಡನೆಯ ಹವ್ಯಾಸ ಶಬ್ದಗಳದು. ‘ಆಡಿಯೋಮಾತ್’ ಎಂಬ ಸಾಧನ 2017ರ ಸುಮಾರಿಗೆ ಬಂತು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ಟಾರ್ಚಿನ ಸಣ್ಣ ಸೆಲ್ಲುಗಳಲ್ಲಿ ನಡೆಯುತ್ತದೆ. ಅದರ ವಿನ್ಯಾಸವನ್ನು ರಚಿಸಿದವರು ಗುಟ್ಟು ಮಾಡದೆ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಮರಕ್ಕೆ ಕಟ್ಟಿಬಿಟ್ಟರೆ ಹೇಳಿದ ಹೊತ್ತಿಗೆ ಎಚ್ಚೆತ್ತು ಧ್ವನಿಮುದ್ರಿಸಿಕೊಂಡು ಮತ್ತೆ ಮಲಗುತ್ತದೆ. ಮನುಷ್ಯನ ಕಿವಿಗೆ ನಿಲುಕದ ಬಾವಲಿಯ ಕೂಗನ್ನೂ ಹಿಡಿಯಬಲ್ಲದು. ನಮ್ಮ ಬಡಾವಣೆಯಲ್ಲಿ ಮಡಿವಾಳ ಹಕ್ಕಿ, ಕುಟ್ರುಹಕ್ಕಿ, ಕೋಗಿಲೆ, ಹಾಲಕ್ಕಿಗಳು ದೊರೆತಿವೆ. ಧ್ವನಿಯಿಂದ ಹಕ್ಕಿಯ ಹೆಸರು ಹೇಳುವ ‘ಬರ್ಡ್‌ನೆಟ್’, ‘ಮರ್ಲಿನ್’ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಅವು ಬುದ್ಧಿವಂತ ವಿದ್ಯಾರ್ಥಿಗಳು, ಗುರುಗಳಲ್ಲ. ಪಕ್ಕದ ಮನೆಯ ಕುಕ್ಕರಿನ ಸೀಟಿಗೂ ಒಮ್ಮೊಮ್ಮೆ ಹಕ್ಕಿಯ ಹೆಸರು ಕೊಡುತ್ತವೆ. ಸರಳೆ ಸಿಳ್ಳಾರವನ್ನು ಬಾಲ್ಯದಿಂದ ಕೇಳಿದ ನಿಮ್ಮ ಕಿವಿ ಅವುಗಳ ಉತ್ತರಪತ್ರಿಕೆಯನ್ನು ತಿದ್ದಬೇಕು.

ಇಂಥ ಹವ್ಯಾಸಿಗಳ ಟಿಪ್ಪಣಿಗೆ ಬೆಲೆಯೇನು ಎಂದು ಕೇಳುವವರಿಗೆ 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿಯನ್ನು ತೋರಿಸುತ್ತೇನೆ. ಮೂವತ್ತು ಸಾವಿರಕ್ಕೂ ಹೆಚ್ಚು ಪಕ್ಷಿವೀಕ್ಷಕರು ‘ಇ-ಬರ್ಡ್’ ತಾಣಕ್ಕೆ ಒಪ್ಪಿಸಿದ ಮೂರು ಕೋಟಿ ದಾಖಲೆಗಳ ಮೇಲೆ ಅದು ನಿಂತಿದೆ. 942 ಪ್ರಭೇದಗಳನ್ನು ಪರಿಶೀಲಿಸಿ, 178ಕ್ಕೆ ತುರ್ತು ಗಮನ ಬೇಕೆಂದು ಹೇಳಿತು. ಆ ವೀಕ್ಷಕರಲ್ಲಿ ಹೆಚ್ಚಿನವರು ವಿಜ್ಞಾನಿಗಳಲ್ಲ. ಬೆಳಗಿನ ಕಾಫಿಗೆ ಮುಂಚೆ ಹಕ್ಕಿ ಎಣಿಸುವ ಜನ.

ಆದರೆ ಇಲ್ಲಿ ಒಂದು ಕಟ್ಟುನಿಟ್ಟಿನ ಮಾತು. ಮೊಬೈಲಿನಲ್ಲಿ ಚಿತ್ರ ತೆಗೆದಾಗ ಆ ಕಡತದೊಳಗೆ ಅಕ್ಷಾಂಶ ರೇಖಾಂಶಗಳು ಮೌನವಾಗಿ ಸೇರಿಕೊಳ್ಳಬಲ್ಲವು. ಕಾಳಿಂಗದ ಗೂಡು, ಅಪರೂಪದ ಸೀತಾಳೆ, ಮಂಗಟ್ಟೆಯ ಪೊಟರೆ ಇವುಗಳ ಚಿತ್ರವನ್ನು ಹಾಗೆಯೇ ಹಂಚುವುದು ಕಳ್ಳನ ಕೈಗೆ ನಕಾಶೆ ಕೊಟ್ಟಂತೆ. ಕಳ್ಳ ಬಾರದಿದ್ದರೆ ಕ್ಯಾಮೆರಾ ಹೊತ್ತ ಪ್ರವಾಸಿಗರ ಗುಂಪು ಬರುತ್ತದೆ. ‘ಐನ್ಯಾಚುರಲಿಸ್ಟ್’ ತಾಣವು ಅಪಾಯದಲ್ಲಿರುವ ಜೀವಿಗಳ ನಿಖರ ಸ್ಥಳವನ್ನು ತಾನಾಗಿಯೇ ಮಸುಕಾಗಿಸಿ, ವಿಶಾಲವಾದ ಒಂದು ಚೌಕದೊಳಗೆ ಎಲ್ಲಿಯೋ ಎಂದಷ್ಟೇ ತೋರಿಸುತ್ತದೆ. ವಾಟ್ಸ್ಆಪ್ ಗುಂಪುಗಳಲ್ಲಿ ‘ಇಂಥ ಹಳ್ಳದ ಪಕ್ಕ ಸಿಕ್ಕಿತು’ ಎಂದು ಬರೆಯುವವನನ್ನು ಯಾವ ತಂತ್ರಾಂಶವೂ ಮಸುಕಾಗಿಸಲಾರದು. ಮುದ್ರಿತ ಕೂಗನ್ನು ಹಾಕಿ ಹಕ್ಕಿಯನ್ನು ಕರೆಯುವ ಚಟವೂ ನಿಲ್ಲಬೇಕು. ಮರಿ ಮಾಡುವ ಕಾಲದಲ್ಲಿ ಅದು ಗೂಡು ಬಿಟ್ಟು ಇಲ್ಲದ ಎದುರಾಳಿಯನ್ನು ಹುಡುಕುತ್ತ ಸುಸ್ತಾಗುತ್ತದೆ. ಮಳೆಯ ಅಂಕಿಗಳು ಎಲ್ಲರಿಗೂ ತೆರೆದಿರಲಿ, ಗೂಡಿನ ಜಾಗ ಯಾರಿಗೂ ತಿಳಿಯದಿರಲಿ ಎಂಬುದು ನನ್ನ ನಿಲುವು. ಎರಡನ್ನೂ ‘ಮಾಹಿತಿ’ ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದಲೇ ಗೊಂದಲ.

ಅಂತರ್ಜಾಲದಲ್ಲಿ ನನಗೆ ಸಿಕ್ಕ ನಿಧಿಗಳನ್ನೆಲ್ಲ ಹೇಳುತ್ತ ಹೋದರೆ ನಿಮ್ಮ ಊಟ ತಣ್ಣಗಾದೀತು. ಫ್ರಾನ್ಸಿಸ್ ಬುಕನನ್ 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿ ಬರೆದ ಮೂರು ಸಂಪುಟಗಳು 1807ರಲ್ಲಿ ಪ್ರಕಟವಾದವು. ಇಂದು ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳು 2008ರಿಂದ ಉಚಿತ. ನಿಮ್ಮ ಊರಿನ ಗುಡ್ಡವು ಎಂಬತ್ತರ ದಶಕದಿಂದ ಇಂದಿನ ತನಕ ಹೇಗೆ ಬೋಳಾಯಿತು ಅಥವಾ ಹಸಿರಾಯಿತು ಎಂಬುದನ್ನು ಮನೆಯಲ್ಲಿ ಕುಳಿತೇ ನೋಡಬಹುದು. ಹಸಿರೆಲ್ಲವೂ ಕಾಡಲ್ಲ, ಅಕೇಶಿಯಾ ನೆಡುತೋಪೂ ಮೇಲಿನಿಂದ ಹಸಿರೇ. ಅದನ್ನು ಬಿಡಿಸಿ ಹೇಳಲು ನೆಲದ ಮೇಲೆ ನಡೆದವರೇ ಬೇಕು.

ಕನ್ನಡದ ಬಗ್ಗೆ ಒಂದು ಮನವಿ. ನಿಮ್ಮ ಬಳಗದ ಹಳೆಯ ಪತ್ರಿಕೆಗಳು, ಮನವಿಗಳು, ಸಮೀಕ್ಷೆಯ ವರದಿಗಳು ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿವೆ. ಆ ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಆ ಕಾಲದ ಕಡತಗಳನ್ನು ಯೂನಿಕೋಡಿಗೆ ಬದಲಿಸದಿದ್ದರೆ ಹೊಸ ಗಣಕದಲ್ಲಿ ಅವು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆದುಕೊಳ್ಳುತ್ತವೆ. ಹುಡುಕಿದರೆ ಒಂದು ಪದವೂ ಸಿಗದು. ಬದಲಿಸುವ ಸಾಧನಗಳು ಉಚಿತವಾಗಿವೆ. ಎರಡು ಭಾನುವಾರಗಳ ಕೆಲಸ. ನಾನು ಬರುತ್ತೇನೆ.

ಉಪಕರಣಗಳ ಕಸದ ಬಗ್ಗೆ ನೀವು ಪ್ರಶ್ನೆ ಕೇಳುವ ಮುನ್ನ ನಾನೇ ಹೇಳಿಬಿಡುತ್ತೇನೆ. ನನ್ನ ಹವ್ಯಾಸ ಕಸ ಹುಟ್ಟಿಸುತ್ತದೆ. ದಾಬಸ್‌ಪೇಟೆಯಲ್ಲಿ 2005ರಲ್ಲಿ ‘ಇ-ಪರಿಸರ’ ಎಂಬ ಅಧಿಕೃತ ಮರುಬಳಕೆ ಘಟಕ ಆರಂಭವಾಯಿತು, ನಿಯಮಗಳೂ ಬಂದಿವೆ. ಆದರೂ ಹಳೆಯ ತಂತಿಯನ್ನು ಬಯಲಲ್ಲಿ ಸುಟ್ಟು ತಾಮ್ರ ತೆಗೆಯುವ ಹೊಗೆ ನಗರದ ಅಂಚುಗಳಲ್ಲಿ ಪೂರ್ತಿ ಅಡಗಿಲ್ಲ. ಆದ್ದರಿಂದ ಹೊಸದನ್ನು ಕೊಳ್ಳುವ ಮುಂಚೆ ಹಳೆಯದನ್ನು ಬಿಚ್ಚಿ ನೋಡುವುದು ನನ್ನ ಪದ್ಧತಿ. ನಮ್ಮ ಮಳೆಮಾಪಕದ ಡಬ್ಬಿ ಹಿಂದೆ ಒಂದು ಟೇಪ್‌ರೆಕಾರ್ಡರ್ ಆಗಿತ್ತು. ಮಳೆ ಬರೆದಿಡಲು ನಿಮಗೆ ಯಾವ ಉಪಕರಣವೂ ಬೇಕಾಗಿಲ್ಲ ಎಂದು ನಾನು ಒತ್ತಿ ಹೇಳಲು ಇದೂ ಒಂದು ಕಾರಣ.

ಇನ್ನು ಕೆಲಸದ ಮಾತು. ಮಳೆಪುಸ್ತಕ ತಂದಿರುವವರು ಊಟದ ನಂತರ ಹಿಂಬದಿಯ ಕೊಠಡಿಗೆ ಬನ್ನಿ. ಕ್ಯಾಮೆರಾ ನಿಲ್ಲಿಸುವ ಚೌಕಟ್ಟು, ದೀಪ ಎರಡೂ ಸಿದ್ಧವಿವೆ. ಪುಟಗಳ ಚಿತ್ರ ತೆಗೆದು ಪುಸ್ತಕವನ್ನು ಸಂಜೆಯೊಳಗೆ ನಿಮ್ಮ ಕೈಗೇ ಕೊಡುತ್ತೇವೆ. ಮಾಪಕವು ಮನೆಯ ಯಾವ ದಿಕ್ಕಿನಲ್ಲಿತ್ತು, ಮರದ ಮರೆ ಇತ್ತೇ, ಯಾವ ವರ್ಷ ಜಾಗ ಬದಲಾಯಿತು ಎಂಬುದನ್ನು ಹಿರಿಯರಿಂದ ಕೇಳಿ ಒಂದು ಚೀಟಿಯಲ್ಲಿ ಬರೆದಿಡಿ. ಬೆಳಿಗ್ಗೆ ಅಳೆದ ಮಳೆಯನ್ನು ಅಂದಿನ ತಾರೀಖಿಗೆ ಬರೆಯುತ್ತಿದ್ದರೋ, ಹಿಂದಿನ ದಿನಕ್ಕೋ ಎಂಬುದೂ ಬೇಕು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನವು ಬೆಳಿಗ್ಗೆ ಎಂಟೂವರೆಗೆ ಮುಗಿಯುತ್ತದೆ, ಅಳೆದ ದಿನದ ತಾರೀಖೇ ಅದಕ್ಕೆ ಸಲ್ಲುತ್ತದೆ. ಈಗಲೂ ಬರೆಯುತ್ತಿರುವವರು ಮಳೆ ಬಾರದ ದಿನ ಸೊನ್ನೆ ಹಾಕಿ. ಊರಿಗೆ ಹೋಗಿ ಅಳೆಯಲಾಗದ ದಿನವನ್ನು ಮಾತ್ರ ಖಾಲಿ ಬಿಡಿ.